ಮೂರನೆಯ ಪಿಸ್ಟನ್

ಟ್ರೆಲ್ಯೂ ಊರಿನ ಗಾಳಿಗೆ ಬಾಗಿಲೆಂದರೆ ಲೆಕ್ಕಕ್ಕಿಲ್ಲ.
ಬೀಗದ ಕಿಂಡಿಯಲ್ಲಿ ನುಸುಳಿ
ಸಕ್ಕರೆ ಡಬ್ಬಿಗೂ ದಿಂಬಿನ ಚೀಲಕ್ಕೂ
ಪಟಗೋನಿಯಾದ ಮಣ್ಣನ್ನು ಸಮನಾಗಿ ಹಂಚುತ್ತದೆ.
ಎಂಜಿನ್ನಿಗೆ ಮಣ್ಣು ಆಗದು ಎಂದಿತು ಪುಸ್ತಕ.
ಅದಕ್ಕೇ ಶೆಡ್ಡು ಬೇಡವೆಂದು
ಅಡುಗೆಮನೆಗೆ ಹೊತ್ತು ತಂದೆವು:
ನಾನು, ಪಕ್ಕದ ಮನೆಯ ಈವೋ, ಅವನ ಭಾವ,
ಚಾದರದ ನಾಲ್ಕನೆಯ ತುದಿಗೆ
ಕಾಗದ ಕೊಡಲು ಬಂದು ಸಿಕ್ಕಿಬಿದ್ದ ಅಂಚೆಯವನು.

ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿದೆ.
ಊಟದ ಮೇಜು ಒಮ್ಮೆ ನರಳಿ ಸುಮ್ಮನಾಯಿತು.

ರೆನೋ ನಾಲ್ಕು, ಎಪ್ಪತ್ತೊಂಬತ್ತರದ್ದು.
ಹಿಂದೆ ಬರುವವರ ಮುಖಕ್ಕೆ ನೀಲಿ ಹೊಗೆ,
ಇನ್ನೂರು ಕಿಲೋಮೀಟರಿಗೊಂದು ಲೀಟರು ಎಣ್ಣೆ.
"ಗುಜರಿಗೆ ಹಾಕಿ, ನೆಲಿದಾ," ಎಂದಿದ್ದ ಮೆಕ್ಯಾನಿಕ್,
ಜಿಪ್ಪು ಕೆಟ್ಟ ತನ್ನ ಪ್ಯಾಂಟನ್ನು
ರಿಪೇರಿಗೆಂದು ನನ್ನ ಕೈಗೇ ಕೊಡುತ್ತಾ.

ನಾನು ಟೈಲರು. ನಲವತ್ತೊಂದು ವರ್ಷದಿಂದ
ಹೊಲಿಗೆ ಬಿಚ್ಚಿ ಮತ್ತೆ ಹೊಲಿದವಳು.
ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಇಡುವುದನ್ನು
ಯಾವ ಪುಸ್ತಕವೂ ನನಗೆ ಕಲಿಸಬೇಕಿಲ್ಲ.
ಮೊಟ್ಟೆಯ ಟ್ರೇಯಲ್ಲಿ ಎಂಟು ವಾಲ್ವು,
ಕೇಕಿನ ತಟ್ಟೆಯಲ್ಲಿ ಬೇರಿಂಗಿನ ಅರ್ಧಚಂದ್ರಗಳು,
ಬೋಲ್ಟಿಗೊಂದು ಚೀಟಿ, ಚೀಟಿಗೊಂದು ಟಾಕು:
ಇದು ಎಡಗಡೆಯದು. ಇದು ಉದ್ದದ್ದು. ಇದು ಯಾವುದೋ.

ಲೇತ್ ಅಂಗಡಿಯ ಎವರಿಸ್ತೋ
ಕ್ರ್ಯಾಂಕನ್ನು ಬೆರಳಲ್ಲಿ ಸವರಿ ಕಣ್ಣು ಮುಚ್ಚಿದ,
ನಾನು ರೇಷ್ಮೆ ನೋಡುವ ಹಾಗೇ.
"ಅರ್ಧ ಕೂದಲಿನಷ್ಟು ಸವೆದಿದೆ," ಎಂದ.
ಅರ್ಧ ಕೂದಲಿಗೆ ಅವನು ಕೇಳಿದ್ದು
ಎರಡು ಮದುವೆ ಗೌನಿನ ಕೂಲಿ.
ಕೊಟ್ಟೆ.

ಆಮೇಲೆ ಮೂರು ವಾರ
ಇಸ್ತ್ರಿ ಮೇಜಿನ ಪಕ್ಕ ನಿಂತುಕೊಂಡೇ ಊಟ.
ಗಿರಾಕಿಗಳು ಮೂಗು ಹಿಡಿದು ಅಳತೆ ಕೊಟ್ಟರು.
ಸೀಮೆಎಣ್ಣೆ ವಾಸನೆ ಹತ್ತಿದ ಲಂಗಕ್ಕೆ
ಒಬ್ಬಳು ದುಡ್ಡು ಕೊಡಲೇ ಇಲ್ಲ.
ಉಗುರಿನ ಕಪ್ಪು ಹೋಗದೆ
ಬಿಳಿ ಬಟ್ಟೆಯನ್ನು ಕೈಚೀಲ ತೊಟ್ಟು ಹೊಲಿದೆ,
ಸೂಜಿಯ ಮೊನೆ ಎಲ್ಲಿದೆಯೆಂದು ತಿಳಿಯದೆ.

ಪಿಸ್ಟನ್ನಿನ ಉಂಗುರದಲ್ಲಿ
ಎಳ್ಳಿಗಿಂತ ಸಣ್ಣ ಗುರುತೊಂದಿದೆ.
ಅದು ಆಕಾಶ ನೋಡಬೇಕು.
ಒಂದನೆಯದು ನೋಡಿತು. ಎರಡು ನೋಡಿತು. ನಾಲ್ಕೂ ನೋಡಿತು.
ಮೂರನೆಯದರ ಹೊತ್ತಿಗೆ
ತಂಗಿ ನೆರಿಸ್ ಫೋನು ಮಾಡಿದ್ದಳು, ಗಂಡನ ಮೇಲೆ ದೂರು.
ಎಣ್ಣೆ ಬಂದಾಗ ಕಣ್ಣು ಮುಚ್ಚಿದರು ಅನ್ನುತ್ತಾರಲ್ಲ,
ಹಾಗಾಯಿತು.

ಎಲ್ಲ ಮುಚ್ಚಿ, ಹೆಡ್ಡು ಕೂರಿಸಿ,
ಟಾರ್ಕ್ ಸ್ಪ್ಯಾನರು ಹತ್ತು ಸಲ ಕಟಕ್ಕೆಂದು
ದೀಪ ಆರಿಸಿ ಮಲಗಿದ ಮೇಲೆ
ನೆನಪಾಯಿತು,
ನನಗೆ ನೆನಪಿಲ್ಲವೆಂದು.

"ಇರಲಿ ಬಿಡಿ, ಓಡುತ್ತದೆ," ಎಂದ ಈವೋ ಬೆಳಿಗ್ಗೆ.
ಓಡುತ್ತದೆ, ನಿಜ.
ಕೋಟಿನ ಒಳಪದರ ಯಾರಿಗೆ ಕಾಣುತ್ತದೆ?
ಕಂಕುಳಲ್ಲಿ ಒಂದು ಗಂಟು ಬಿಟ್ಟರೆ
ತೊಟ್ಟವನು ಏನೆಂದು ಹೇಳಲಾರ,
ಸುಮ್ಮನೆ ದಿನವಿಡೀ ಭುಜ ಕುಣಿಸುತ್ತಾನೆ.

ಬಿಚ್ಚಿದೆ. ಹೆಡ್ಡು, ತಳದ ತಟ್ಟೆ, ರಾಡಿನ ಟೋಪಿ.
ಹೊಸ ಗ್ಯಾಸ್ಕೆಟ್ಟು ಬಸ್ಸಿನಲ್ಲಿ ಬರಲು ಐದು ದಿನ,
ಅದರ ದುಡ್ಡು ಬೇರೆ.
ಮೂರನೆಯದು ಹೊರಬಂದಾಗ
ಒರೆಸಿ, ಕನ್ನಡಕ ಏರಿಸಿ, ಕಿಟಕಿಗೆ ಹಿಡಿದೆ.
ಗುರುತು ಆಕಾಶವನ್ನೇ ನೋಡುತ್ತಿತ್ತು.

ಈವೋ ನಗಬಹುದಿತ್ತು.
ಕೆಟಲು ಒಲೆಗಿಟ್ಟ.

ಮತ್ತೆ ಹೊತ್ತು, ಕೂರಿಸಿ, ಕೀಲಿ ತಿರುಗಿಸಿದ ದಿನ
ಅದು ಕೆಮ್ಮಿತು, ಸೀನಿತು, ಕಾರ್ಬುರೇಟರಿನಲ್ಲಿ ಬೆಂಕಿ ಉಗುಳಿ
ನನ್ನ ಹುಬ್ಬು ಸುಟ್ಟಿತು.
ತಂತಿ ಅದಲುಬದಲು ಮಾಡಿದೆವು.
ಆಗ ಹಿಡಿಯಿತು.
ಅಂಚೆಯವನು ದಾರಿಯಾಚೆ ನಿಂತು ಚಪ್ಪಾಳೆ ತಟ್ಟಿದ,
ಈ ಸಲ ಹತ್ತಿರ ಬರಲಿಲ್ಲ.

ಈಗ ಗೈಮನ್ ದಾರಿಯಲ್ಲಿ ನಲವತ್ತರ ವೇಗ.
ಮೊದಲ ಸಾವಿರ ಕಿಲೋಮೀಟರು ಅವಸರ ಕೂಡದಂತೆ.
ಉಣ್ಣೆ ತುಂಬಿದ ಲಾರಿಗಳು ಹಾರ್ನು ಹೊಡೆದು
ಬೈದು, ದಾಟಿ ಹೋಗುತ್ತವೆ.
ಕನ್ನಡಿಯಲ್ಲಿ ಹೊಗೆಯಿಲ್ಲ, ಮಣ್ಣು ಮಾತ್ರ.
ಉಳಿದುಹೋದ ವಾಷರೊಂದು
ಮನೆಯಲ್ಲಿ, ಗುಂಡಿಗಳ ಡಬ್ಬಿಯಲ್ಲಿದೆ.
ಎಲ್ಲಿಯದೆಂದು ಗೊತ್ತಿಲ್ಲ.
ಕಿವಿಗೊಟ್ಟು ಓಡಿಸುತ್ತೇನೆ.